ತಾಮ್ರದ ತಗಡಿಗೆ ತನ್ನನ್ನು ತೆತ್ತ ಚಿತ್ರ

ಅಚ್ಚಿಗೆಂದೇ ಬರೆದ ಡಚ್ ರೇಖಾಚಿತ್ರಗಳ ಹಾಳೆ, ಬಳಪ, ಮಸಿ ಮತ್ತು ಕೈಚಳಕದ ಕಥೆ

ಪಂಚಲೋಹದ ವಿಗ್ರಹವನ್ನು ಎರಕ ಹೊಯ್ಯುವ ಶಿಲ್ಪಿ ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಅದಕ್ಕೆ ಮಣ್ಣಿನ ಕವಚ ತೊಡಿಸುತ್ತಾನೆ. ಬೆಂಕಿಯ ಕಾವಿಗೆ ಮೇಣ ಕರಗಿ ಹರಿದುಹೋಗುತ್ತದೆ. ಲೋಹ ಆರಿದ ಬಳಿಕ ಮಣ್ಣನ್ನು ಒಡೆದು ತೆಗೆಯುತ್ತಾರೆ. ವಿಗ್ರಹ ಗುಡಿಯನ್ನು ಸೇರುತ್ತದೆ. ಅದಕ್ಕೆ ಮೊದಲು ರೂಪ ಕೊಟ್ಟ ಮೇಣ ಏನಾಯಿತೆಂದು ಕೇಳುವವರಿಲ್ಲ.

ಮುದ್ರಿತ ಚಿತ್ರಗಳ ಇತಿಹಾಸದಲ್ಲಿಯೂ ಇಂಥದೊಂದು ಮೇಣದ ಮೂರ್ತಿಯುಂಟು. ಕ್ಯಾಮೆರಾ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಒಂದು ಚಿತ್ರ ನೂರಾರು ಮನೆಗಳ ಗೋಡೆಯನ್ನು ಮುಟ್ಟಬೇಕಾದರೆ ಅದನ್ನು ತಾಮ್ರದ ತಗಡಿನ ಮೇಲೆ ಕೊರೆಯಬೇಕಾಗಿತ್ತು. ಕೊರೆಯುವವನ ಕಣ್ಣಮುಂದೆ ಮಾದರಿಯಾಗಿ ಒಂದು ರೇಖಾಚಿತ್ರ ಇರಬೇಕಾಗಿತ್ತು. ಆ ರೇಖಾಚಿತ್ರವನ್ನು ಯಾರೂ ಚೌಕಟ್ಟು ಹಾಕಿ ಇಡಲೆಂದು ಬರೆಯುತ್ತಿರಲಿಲ್ಲ. ಅದರ ಬೆನ್ನಿಗೆ ಬಣ್ಣ ಉಜ್ಜುತ್ತಿದ್ದರು. ಅದರ ಗೆರೆಗಳ ಮೇಲೆ ಮೊಂಡ ಸೂಜಿಯನ್ನು ಒತ್ತಿ ಎಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಎಷ್ಟೋ ಹಾಳೆಗಳು ಕಸವಾದವು. ಹೇಗೋ ಉಳಿದುಬಂದ ಕೆಲವನ್ನು ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳು ಕಣ್ಣಿನ ರೆಪ್ಪೆಯಂತೆ ಕಾಯುತ್ತಿವೆ.

ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಈ ಕಲೆ ಹೂವಾಗಿ ಅರಳಿದ್ದು ನೆದರ್ಲೆಂಡ್ಸ್ ನಾಡುಗಳಲ್ಲಿ. ಆ ಹಾಳೆಗಳನ್ನು ಹತ್ತಿರದಿಂದ ನೋಡಿದವರಿಗೆ ಚಿತ್ರದ ಸೊಬಗಿನ ಜೊತೆಗೆ ಕಸುಬಿನ ಗುಟ್ಟುಗಳೂ ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಒಂದು ಚಿತ್ರ, ಹಲವು ಕೈಗಳು

ಅಂದಿನ ಮುದ್ರಿತ ಚಿತ್ರ ಒಬ್ಬನ ಕೃತಿಯಾಗಿರುತ್ತಿದ್ದುದು ಅಪರೂಪ. ಕಲ್ಪಿಸಿ ಬರೆಯುವವನು ಒಬ್ಬ, ತಾಮ್ರದಲ್ಲಿ ಕೊರೆಯುವವನು ಇನ್ನೊಬ್ಬ, ಹಣ ಹಾಕಿ ಪ್ರಕಟಿಸಿ ಮಾರುವವನು ಮತ್ತೊಬ್ಬ. ಚಿತ್ರದ ಅಡಿಯಲ್ಲಿ ಲ್ಯಾಟಿನ್ ಭಾಷೆಯ ಮೂರು ಪುಟ್ಟ ಪದಗಳು ಈ ಪಾಲುಗಾರಿಕೆಯನ್ನು ಹೇಳುತ್ತಿದ್ದವು. ‘ಇನ್ವೆನಿಟ್’ ಎಂದರೆ ಕಲ್ಪಿಸಿದವನು. ‘ಸ್ಕಲ್ಪ್ಸಿಟ್’ ಎಂದರೆ ಕೊರೆದವನು. ‘ಎಕ್ಸ್‌ಕುಡಿಟ್’ ಎಂದರೆ ಪ್ರಕಟಿಸಿದವನು.

ಆದರೆ ಈ ಗೌರವ ಯಾವಾಗಲೂ ಸಲ್ಲಬೇಕಾದವರಿಗೇ ಸಲ್ಲುತ್ತಿತ್ತೆಂದು ತಿಳಿಯಬೇಕಾಗಿಲ್ಲ. ಪೀಟರ್ ಬ್ರೂಗೆಲ್ ಎಂಬ ತರುಣ ಕಲಾವಿದ 1556ರಲ್ಲಿ ಒಂದು ರೇಖಾಚಿತ್ರ ಬರೆದ. ದಡದಲ್ಲಿ ಬಿದ್ದ ಭಾರಿ ಮೀನೊಂದರ ಬಾಯಿಂದಲೂ ಸೀಳಿದ ಹೊಟ್ಟೆಯಿಂದಲೂ ಚಿಕ್ಕ ಮೀನುಗಳು ಸುರಿಯುತ್ತಿವೆ. ಆ ಚಿಕ್ಕ ಮೀನುಗಳ ಬಾಯಲ್ಲಿ ಇನ್ನೂ ಚಿಕ್ಕ ಮೀನುಗಳು. ದೊಡ್ಡವರು ಸಣ್ಣವರನ್ನು ನುಂಗುವ ಲೋಕರೀತಿಯನ್ನು ಆತ ಹೀಗೆ ಕಂಡರಿಸಿದ್ದ. ನಮ್ಮಲ್ಲಿ ಮತ್ಸ್ಯನ್ಯಾಯವೆಂದು ಹೇಳುವುದೂ ಇದನ್ನೇ. ಆಂಟ್ವೆರ್ಪ್ ನಗರದ ಪ್ರಕಾಶಕ ಹಿಯೆರೋನಿಮುಸ್ ಕಾಕ್ ಮರುವರ್ಷ ಅದನ್ನು ತಾಮ್ರದಲ್ಲಿ ಕೊರೆಸಿ ಹೊರತಂದ. ಕೊರೆದವನು ಪೀಟರ್ ವಾನ್ ಡೆರ್ ಹೈಡೆನ್. ಮೂಲ ಹಾಳೆಯ ಮೇಲೆ ಬ್ರೂಗೆಲನ ಸಹಿಯಿದೆ. ಅಚ್ಚಾದ ಚಿತ್ರದಲ್ಲಿ ಮಾತ್ರ ಕಲ್ಪಿಸಿದವನೆಂದು ಹೆಸರಿಸಿರುವುದು ಹಿಯೆರೋನಿಮುಸ್ ಬಾಷ್‌ನನ್ನು! ಬಾಷ್ ಆ ವೇಳೆಗೆ ತೀರಿಕೊಂಡು ನಲವತ್ತು ವರ್ಷಗಳಾಗಿದ್ದವು. ಆದರೆ ಅವನ ಹೆಸರು ಪೇಟೆಯಲ್ಲಿ ಚೆನ್ನಾಗಿ ಮಾರಾಟವಾಗುತ್ತಿತ್ತು. ಬ್ರೂಗೆಲನ ಹೆಸರಿಗೆ ಇನ್ನೂ ಆ ಬೆಲೆ ಬಂದಿರಲಿಲ್ಲ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗಿತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿ ಆ ಮೂಲ ಹಾಳೆ ಉಳಿದಿರುವುದರಿಂದಲೇ ಇಂದು ನಾವು ಸತ್ಯವನ್ನು ನೇರವಾಗಿ ಕಾಣಬಲ್ಲೆವು.

ಹಳೆಯ ಬಟ್ಟೆಯ ಹಾಳೆ

ಈ ಚಿತ್ರಗಳ ಕಾಗದ ಮರದ ತಿರುಳಿನದಲ್ಲ. ಉಟ್ಟು ಸವೆದ ನಾರುಬಟ್ಟೆಯ ಚಿಂದಿಗಳನ್ನು ಕೊಳೆಸಿ, ಕುಟ್ಟಿ, ನೀರಿನಲ್ಲಿ ಕದಡಿ, ತಂತಿಯ ಜರಡಿಯಿಂದ ಒಂದೊಂದೇ ಹಾಳೆಯಾಗಿ ಎತ್ತುತ್ತಿದ್ದರು. ಒಣಗಿದ ಹಾಳೆಯನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ತೆಳುವಾದ ಅಂಟಿನಲ್ಲಿ ಅದ್ದುತ್ತಿದ್ದರು. ಇಲ್ಲವಾದರೆ ಮಸಿ ಹಾಳೆಯಲ್ಲಿ ಹರಡಿ ಗೆರೆ ಕೆಡುತ್ತಿತ್ತು.

ಇಂಥ ಹಾಳೆಯನ್ನು ಬೆಳಕಿಗೆ ಹಿಡಿದರೆ ಜರಡಿಯ ತಂತಿಗಳ ಗುರುತು ಸಾಲುಸಾಲಾಗಿ ಕಾಣುತ್ತದೆ. ಜರಡಿಗೆ ಕಟ್ಟಿದ ತಂತಿಯ ಮುದ್ರೆಯೂ ನೀರುಗುರುತಾಗಿ ಮೂಡಿರುತ್ತದೆ: ವಿದೂಷಕನ ಟೊಪ್ಪಿಗೆ, ನೈದಿಲೆಯಂಥ ಹೂ, ಆಂಸ್ಟರ್‌ಡ್ಯಾಮ್ ನಗರದ ಲಾಂಛನ. ಈ ಗುರುತುಗಳನ್ನು ಒಂದಕ್ಕೊಂದು ಹೋಲಿಸಿ, ಸಹಿಯಿಲ್ಲದ ಹಾಳೆಯ ಕಾಲವನ್ನು ವಿದ್ವಾಂಸರು ಗೊತ್ತುಮಾಡುತ್ತಾರೆ. ತಂತಿ ದಿನ ಕಳೆದಂತೆ ಸೊಟ್ಟಗಾಗುತ್ತದೆ. ಆ ಸೊಟ್ಟಗಳೇ ಅವರಿಗೆ ಪಂಚಾಂಗ.

ಬಳಪ, ಲೇಖನಿ, ಮಸಿ

ಮೊದಲ ರೂಪರೇಖೆಗೆ ಕರಿಯ ಬಳಪ. ಇಂಗಾಲ ಬೆರೆತ ಜೇಡಿಕಲ್ಲನ್ನು ಕಡ್ಡಿಯಾಗಿ ಸೀಳಿದರೆ ಅದೇ ಬಳಪ. ಕೆಂಪು ಬಳಪಕ್ಕೆ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ; ನಮ್ಮ ಕೆಮ್ಮಣ್ಣಿನ ಕೆಂಪಿಗೆ ಕಾರಣವೂ ಅದೇ. ಕರಿಯ ಬಳಪ ಮೆತ್ತಗೆ ಹರಡಿ ನೆರಳನ್ನು ಕೊಡುತ್ತದೆ. ಕೆಂಪು ಬಳಪ ಹಾಳೆಗೆ ಗಟ್ಟಿಯಾಗಿ ಅಂಟಿ, ಮುಖದ ಕಾಂತಿಯನ್ನು ತರುತ್ತದೆ.

ಖಚಿತವಾದ ಗೆರೆಗೆ ಹಕ್ಕಿಯ ಗರಿಯ ಲೇಖನಿ. ಸಾಮಾನ್ಯವಾಗಿ ಬಾತಿನ ಗರಿ. ಬಲು ಸಣ್ಣ ಗೆರೆಗೆ ಕಾಗೆಯ ಜಾತಿಯ ಹಕ್ಕಿಗಳ ಗರಿ. ದಪ್ಪನೆಯ, ಒರಟು ಗೆರೆಗೆ ಜೊಂಡಿನ ಲೇಖನಿ. ಒತ್ತಿದರೆ ಗೆರೆ ಉಬ್ಬುತ್ತದೆ, ಸಡಿಲಿಸಿದರೆ ಕೂದಲೆಳೆಯಾಗುತ್ತದೆ. ಕೊರೆಯುವ ಉಳಿಯ ಸ್ವಭಾವವೂ ಇದೇ ಆದ್ದರಿಂದ, ಅಚ್ಚಿಗೆಂದು ಬರೆಯುವವನು ಗರಿಯ ಗೆರೆಯಲ್ಲಿಯೇ ಉಳಿಯ ಗೆರೆಯನ್ನು ಮುಂಗಂಡು ಬರೆಯುತ್ತಿದ್ದ.

ಮಸಿಯ ವಿಷಯ ಇನ್ನೂ ಸ್ವಾರಸ್ಯಕರ. ಓಕ್ ಮರದ ಚಿಗುರಿನಲ್ಲಿ ಒಂದು ಜಾತಿಯ ಕಣಜ ಮೊಟ್ಟೆಯಿಟ್ಟಾಗ ಮರ ಅಲ್ಲಿ ಗಂಟುಕಟ್ಟುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ನಾವು ಮಾಚಿಕಾಯಿ ಎಂದು ಕೊಳ್ಳುವುದು ಇಂಥ ಗಂಟನ್ನೇ. ಅದನ್ನು ಜಜ್ಜಿ ನೆನೆಯಿಟ್ಟ ನೀರಿಗೆ ಅನ್ನಭೇದಿಯನ್ನೂ ಅಂಟು ಬರಲೆಂದು ಗೋಂದನ್ನೂ ಸೇರಿಸಿದರೆ ಮಸಿ ಸಿದ್ಧ. ಬರೆದ ಕ್ಷಣದಲ್ಲಿ ಬಣ್ಣ ಪೇಲವ. ಗಾಳಿ ತಾಗಿದಂತೆ ಕಪ್ಪೇರುತ್ತದೆ. ಶತಮಾನ ಕಳೆದಂತೆ ಕಂದಾಗುತ್ತದೆ. ಇದಲ್ಲದೆ ಒಲೆಯ ಕಟ್ಟಿಗೆಯ ಹೊಗೆಮಸಿಯನ್ನು ನೀರಿನಲ್ಲಿ ಕುದಿಸಿ ಸೋಸಿದ ಕಂದುಬಣ್ಣವೂ, ದೀಪದ ಕಾಡಿಗೆಯಿಂದ ಮಾಡಿದ ಅಚ್ಚ ಕಪ್ಪೂ ಬಳಕೆಯಲ್ಲಿದ್ದವು. ಇವನ್ನು ನೀರಿನಲ್ಲಿ ತೆಳುಮಾಡಿ ಕುಂಚದಿಂದ ಹಚ್ಚಿದರೆ ನೆರಳು. ತಪ್ಪನ್ನು ಮುಚ್ಚಲು ಸೀಸದ ಬಿಳಿಬಣ್ಣ.

ಸುಟ್ಟ ಕೈಯ ಕಸುಬು

ಗರಿಯನ್ನು ಉಳಿಯಂತೆ ನಡೆಸುವುದರಲ್ಲಿ ಹೆಂಡ್ರಿಕ್ ಗೋಲ್ಟ್ಸಿಯುಸ್‌ನನ್ನು ಮೀರಿಸಿದವರು ವಿರಳ. 1558ರಲ್ಲಿ ಹುಟ್ಟಿದ ಈತ ಹಸುಗೂಸಾಗಿದ್ದಾಗಲೇ ಬೆಂಕಿಗೆ ಬಿದ್ದು ಬಲಗೈಯನ್ನು ಸುಟ್ಟುಕೊಂಡ. ಬೆರಳುಗಳ ನರಗಳು ಸೆಟೆದು, ಆ ಕೈಯನ್ನು ಪೂರ್ತಿಯಾಗಿ ಬಿಚ್ಚುವುದು ಅವನಿಗೆ ಬಾಳಿನುದ್ದಕ್ಕೂ ಸಾಧ್ಯವಾಗಲಿಲ್ಲ. ಹಾಗಿದ್ದರೂ ಹಾರ್ಲೆಮ್ ನಗರದಲ್ಲಿ ನೆಲೆಸಿ ಯೂರೋಪಿನ ಶ್ರೇಷ್ಠ ತಾಮ್ರಶಿಲ್ಪಿಗಳಲ್ಲೊಬ್ಬನಾದ. ಉಳಿಯ ಹಿಡಿಯನ್ನು ಅಂಗೈಯಲ್ಲಿ ಅದುಮಿ, ಬೆರಳಿನ ಬದಲು ಇಡೀ ತೋಳಿನ ಬಲದಿಂದ ಮುಂದಕ್ಕೆ ನೂಕಬೇಕು. ಆ ಸೆಟೆದ ಕೈ ಈ ಹಿಡಿತಕ್ಕೆ ತಕ್ಕುದಾಗಿಯೇ ಇದ್ದಿರಬಹುದೆಂದು ಊಹಿಸುವವರುಂಟು.

1588ರಲ್ಲಿ ಗೋಲ್ಟ್ಸಿಯುಸ್ ಆ ಬಲಗೈಯ ಚಿತ್ರವನ್ನೇ ಬರೆದ. ಹಾರ್ಲೆಮಿನ ಟೈಲರ್ಸ್ ಸಂಗ್ರಹಾಲಯದಲ್ಲಿ ಅದು ಇಂದಿಗೂ ಇದೆ. ಕಂದು ಮಸಿಯ ಗೆರೆಗಳು ಚರ್ಮದ ಉಬ್ಬುತಗ್ಗುಗಳನ್ನು ಬಳಸಿಕೊಂಡು ಹೋಗುತ್ತವೆ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಸಪೂರವಾಗಿ ಮುಗಿಯುತ್ತವೆ. ತಾಮ್ರದಲ್ಲಿ ಕೊರೆದ ಅಚ್ಚೆಂದೇ ಕಣ್ಣು ನಂಬುತ್ತದೆ. ವಿಧಿ ಕೊಟ್ಟ ಕುಂದನ್ನು ಮರೆಮಾಡದೆ ಅದನ್ನೇ ತನ್ನ ಬಿರುದಾಗಿ ಮೆರೆಸಿದ ದಿಟ್ಟತನ ಆ ಹಾಳೆಯಲ್ಲಿದೆ.

ಗೆಳೆಯನ ಚಿತ್ರ

ರೆಂಬ್ರಾಂಟನ ದಾರಿ ಬೇರೆ. ಆತನ ಅಚ್ಚುಚಿತ್ರಗಳು 300ರ ಸಮೀಪ. ಕಲ್ಪಿಸಿದವನೂ ಕೊರೆದವನೂ ತಾನೇ. ಹೆಚ್ಚಿನ ಸಂದರ್ಭಗಳಲ್ಲಿ ಮಾದರಿಯ ಹಂಗಿಲ್ಲದೆ ನೇರವಾಗಿ ತಗಡಿನ ಮೇಲೆಯೇ ಬರೆಯುತ್ತಿದ್ದ. ಆದ್ದರಿಂದ ಆತ ಅಚ್ಚಿಗೆಂದು ಸಿದ್ಧಪಡಿಸಿದ ರೇಖಾಚಿತ್ರಗಳು ಬೆರಳೆಣಿಕೆಯವು. ಮೆನ್ನೊನೈಟ್ ಪಂಥದ ಬೋಧಕ ಅನ್ಸ್ಲೋನನ್ನು 1640ರಲ್ಲಿ ಕೆಂಪು ಬಳಪದಿಂದ ಬರೆದ ಹಾಳೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಗೆರೆಗಳ ಮೇಲೆ ಸೂಜಿಯ ಒತ್ತುಗುರುತುಗಳು ಸ್ಪಷ್ಟವಾಗಿವೆ.

ಅವುಗಳಲ್ಲೆಲ್ಲ ಹೃದಯಂಗಮವಾದುದು ಯಾನ್ ಸಿಕ್ಸ್‌ನ ಚಿತ್ರದ ಕಥೆ. ಬಟ್ಟೆ, ಬಣ್ಣಗಳ ವ್ಯವಹಾರದಲ್ಲಿ ಸಿರಿವಂತವಾಗಿದ್ದ ಮನೆತನದ ಕುಡಿ ಈತ, ಕವಿ, ಕಲಾರಸಿಕ. 1618ರಲ್ಲಿ ಹುಟ್ಟಿ, ಮುಪ್ಪಿನಲ್ಲಿ ಆಂಸ್ಟರ್‌ಡ್ಯಾಮಿನ ನಗರಾಧ್ಯಕ್ಷನೂ ಆದವನು. 1653ರಲ್ಲಿ ರೆಂಬ್ರಾಂಟನಿಗೆ ಹಣದ ಮುಗ್ಗಟ್ಟು ಬಂದಾಗ 1000 ಗಿಲ್ಡರು ಸಾಲ ಕೊಟ್ಟವನೂ ಇವನೇ. 1647ರಲ್ಲಿ ಇಪ್ಪತ್ತೊಂಬತ್ತರ ಹರೆಯದ ಈ ಗೆಳೆಯನ ರೂಪವನ್ನು ರೆಂಬ್ರಾಂಟ್ ತಾಮ್ರಕ್ಕಿಳಿಸಲು ಹೊರಟ.

ಮೊದಲ ಯೋಚನೆ ಗರಿ, ಕುಂಚಗಳ ಕಂದು ಮಸಿಯಲ್ಲಿದೆ. ಸಿಕ್ಸ್ ಕಿಟಕಿಗೆ ಒರಗಿ ನಿಂತಿದ್ದಾನೆ; ಮುದ್ದಿನ ನಾಯಿಯೊಂದು ಅವನ ಮೈಮೇಲೆ ನೆಗೆಯುತ್ತಿದೆ. ಲವಲವಿಕೆಯ ಚಿತ್ರ. ಆದರೆ ರೆಂಬ್ರಾಂಟನಿಗೆ ಅದು ಒಪ್ಪಲಿಲ್ಲವೆಂದು ಕಾಣುತ್ತದೆ. ಅಚ್ಚಿಗೆಂದು ಕರಿಯ ಬಳಪದಲ್ಲಿ ಬರೆದ ಇನ್ನೊಂದು ಹಾಳೆಯಲ್ಲಿ ನಾಯಿ ಮಾಯವಾಗಿದೆ. ಸಿಕ್ಸ್ ತೆರೆದ ಕಿಟಕಿಗೆ ಬೆನ್ನು ಕೊಟ್ಟು, ಹೊರಗಿನ ಬೆಳಕನ್ನು ಕೈಯ ಕಾಗದಗಳ ಮೇಲೆ ಬೀಳಿಸಿಕೊಂಡು ಓದಿನಲ್ಲಿ ಮುಳುಗಿದ್ದಾನೆ. ಮುಗಿದ ಅಚ್ಚಿನಲ್ಲಿ ಕುರ್ಚಿಯ ಮೇಲೆ ಪುಸ್ತಕಗಳಿವೆ; ಖಡ್ಗ ಪಕ್ಕಕ್ಕೆ ಸರಿದಿದೆ. ನಾಯಿ ಇದ್ದ ಚಿತ್ರದಲ್ಲಿ ಶ್ರೀಮಂತರ ಮಗನಿದ್ದ. ನಾಯಿ ಹೋದ ಮೇಲೆ ಅಲ್ಲಿ ಉಳಿದವನು ಓದುಗ.

ಈ ಬಳಪದ ಹಾಳೆಯ ಮೇಲೆಯೂ ಮೊಂಡ ಸೂಜಿ ಹರಿದಾಡಿದೆ. ರೆಂಬ್ರಾಂಟ್ ಸಾಲುಸಾಲು ಗೆರೆಗಳನ್ನು ತಿದ್ದಿ ತೀಡಲಿಲ್ಲ. ಮೈಯ ಹೊರಸುತ್ತು, ಬಟ್ಟೆಯ ಮಡಿಕೆ ಇಂಥ ಮುಖ್ಯ ಎಲ್ಲೆಗಳು ತಗಡಿಗೆ ಇಳಿದರೆ ಸಾಕಾಗಿತ್ತು. ಮಿಕ್ಕ ನೆರಳುಬೆಳಕೆಲ್ಲ ತಾಮ್ರದ ಮೇಲೆಯೇ ಹುಟ್ಟಬೇಕಾಗಿತ್ತು.

ಹಾಳೆಯಿಂದ ತಗಡಿಗೆ

ಆ ಕೆಲಸದ ಕ್ರಮ ಹೀಗಿತ್ತು. ನಯವಾಗಿ ಉಜ್ಜಿದ ತಾಮ್ರದ ತಗಡನ್ನು ಬಿಸಿಮಾಡಿ, ಜೇನುಮೇಣ, ರಾಳ ಮತ್ತು ಭೂಮಿಯಲ್ಲಿ ಸಿಗುವ ಡಾಂಬರಿನಂಥ ಕಪ್ಪು ದ್ರವ್ಯ ಬೆರೆಸಿದ ತೆಳು ಲೇಪ ಹಚ್ಚುತ್ತಿದ್ದರು. ರೇಖಾಚಿತ್ರದ ಬೆನ್ನಿಗೆ ಬಳಪದ ಪುಡಿ ಉಜ್ಜಿ, ಅದನ್ನು ಲೇಪದ ಮೇಲೆ ಹಾಸಿ, ಗೆರೆಗಳನ್ನು ಒತ್ತಿ ಎಳೆದರೆ ಲೇಪದ ಮೇಲೆ ಮಸುಕಾದ ಗುರುತು ಮೂಡುತ್ತಿತ್ತು. ಅನಂತರ ಚೂಪಾದ ಸೂಜಿಯಿಂದ ಆ ಗುರುತಿನಂತೆ ಲೇಪವನ್ನು ಗೀರಿ ತಾಮ್ರವನ್ನು ಬಯಲುಮಾಡುತ್ತಿದ್ದರು.

ಇನ್ನು ಆಮ್ಲದ ಸರದಿ. ಫ್ರಾನ್ಸಿನ ಆಬ್ರಹಾಂ ಬಾಸ್ 1645ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ವಿನಿಗರ್, ನವಸಾಗರ, ಉಪ್ಪು, ಜಂಗಾಲ ಇವುಗಳ ದ್ರಾವಣವನ್ನು ಹೇಳಿದ್ದಾನೆ. ಮೇಣ ಇದ್ದ ಕಡೆ ಆಮ್ಲಕ್ಕೆ ಪ್ರವೇಶವಿಲ್ಲ. ಗೀರಿದ ಕಡೆ ಅದು ತಾಮ್ರವನ್ನು ತಿಂದು ಕಾಲುವೆ ಮಾಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಆಳ, ಕಡಿಮೆ ಹೊತ್ತಾದರೆ ತೆಳು. ಬಳಿಕ ಲೇಪವನ್ನು ತೊಳೆದು, ಕಾಲುವೆಗಳಲ್ಲಿ ಎಣ್ಣೆಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಎರಡು ಉರುಳೆಗಳ ನಡುವೆ ಹಾಯಿಸಿದರೆ ಚಿತ್ರ ಕಾಗದಕ್ಕೆ ಬರುತ್ತದೆ.

ಸಿಕ್ಸ್‌ನ ಚಿತ್ರದಲ್ಲಿ ರೆಂಬ್ರಾಂಟ್ ಇಷ್ಟಕ್ಕೆ ತೃಪ್ತನಾಗಲಿಲ್ಲ. ಆಮ್ಲದ ಗೆರೆಗಳ ಮೇಲೆ ಉಳಿಯನ್ನೂ, ತಾಮ್ರವನ್ನು ನೇರವಾಗಿ ಗೀರುವ ಒಣ ಸೂಜಿಯನ್ನೂ ಆಡಿಸಿದ. ಒಣ ಸೂಜಿ ಗೀರಿದ ಅಂಚಿನಲ್ಲಿ ಲೋಹದ ಸಣ್ಣ ಏಣು ಎದ್ದು ನಿಲ್ಲುತ್ತದೆ. ಅದು ಮಸಿಯನ್ನು ಹಿಡಿದು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಜೇಡರ ಬಲೆಯಂಥ ಗೆರೆಗಳ ಮೇಲೆ ಗೆರೆ ಹೆಣೆದು ಆತ ಕೋಣೆಯನ್ನು ಕತ್ತಲೆಯಿಂದ ತುಂಬಿದ. ಆ ಕತ್ತಲೆಯ ನಡುವೆ ಕಿಟಕಿಯ ಬೆಳಕೊಂದೇ ಬರಿಯ ಕಾಗದ.

ಎಡಬಲದ ತೊಡಕು

ಈ ಕಸುಬಿನ ದೊಡ್ಡ ಪರೀಕ್ಷೆ ಇನ್ನೊಂದಿದೆ. ತಗಡಿನಿಂದ ಅಚ್ಚಾದ ಚಿತ್ರ ಕನ್ನಡಿಯ ಬಿಂಬದಂತೆ ಎಡಬಲ ತಿರುಗುತ್ತದೆ. ಹಾಗಾಗಿ ಅಚ್ಚಿಗೆಂದು ಬರೆದ ಎಷ್ಟೋ ರೇಖಾಚಿತ್ರಗಳಲ್ಲಿ ಯೋಧರು ಎಡಗೈಯಲ್ಲಿ ಕತ್ತಿ ಹಿಡಿದಿರುತ್ತಾರೆ, ಲೇಖಕರು ಎಡಗೈಯಲ್ಲಿ ಬರೆಯುತ್ತಿರುತ್ತಾರೆ. ಅದು ಕಲಾವಿದನ ಪ್ರಮಾದವಲ್ಲ, ದೂರದೃಷ್ಟಿ. ಅಚ್ಚಾದಾಗ ಎಲ್ಲವೂ ಬಲಗೈಗೆ ಬರುತ್ತದೆ.

ರೆಂಬ್ರಾಂಟ್ ಮಾತ್ರ ಇದರ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಂಡವನಲ್ಲ. ಆತನ ಆಂಸ್ಟರ್‌ಡ್ಯಾಮಿನ ನೋಟದ ಅಚ್ಚಿನಲ್ಲಿ ನಗರದ ಗೋಪುರಗಳೆಲ್ಲ ಎಡಬಲ ಅದಲುಬದಲಾಗಿವೆ. ಆದರೆ ಅಕ್ಷರ, ಅಂಕಿಗಳ ವಿಷಯದಲ್ಲಿ ಹಾಗೆ ನಡೆಯದಲ್ಲ! ಸಿಕ್ಸ್‌ನ ತಗಡಿನ ಮೇಲೆ ತನ್ನ ಹೆಸರನ್ನೂ 1647 ಎಂಬ ಇಸವಿಯನ್ನೂ ತಿರುವುಮುರುವಾಗಿ ಬರೆಯುವಾಗ 6 ಮತ್ತು 4 ಎಂಬ ಎರಡು ಅಂಕಿಗಳು ಕೈಯ ಅಭ್ಯಾಸದಂತೆ ನೆಟ್ಟಗೇ ಬಂದುಬಿಟ್ಟವು. ಅಚ್ಚಾದಾಗ ಅವೆರಡೇ ಹಿಂದುಮುಂದು! ತಾಮ್ರದಲ್ಲಿ ತಪ್ಪು ತಿದ್ದುವುದೆಂದರೆ ಕೆರೆದು, ಉಜ್ಜಿ, ನಯಮಾಡಿ, ಮತ್ತೆ ಕೊರೆಯಬೇಕು. ಮುಂದಿನ ಹಂತದ ಪ್ರತಿಗಳಲ್ಲಿ ಅಂಕಿಗಳು ಸರಿಯಾಗಿವೆ. ಸಿಕ್ಸ್‌ನ ಹೆಸರೂ ವಯಸ್ಸೂ ಸೇರಿವೆ. ಜಗತ್ತಿನ ಮಹಾಕಲಾವಿದನೊಬ್ಬ ನಮ್ಮನಿಮ್ಮಂತೆಯೇ ತಡವರಿಸಿದ ಗಳಿಗೆ ಹಿಂದಿನ ಹಂತದ ಪ್ರತಿಗಳಲ್ಲಿ ಶಾಶ್ವತವಾಗಿ ಉಳಿದಿದೆ.

ಮೊಗಲ್ ಮರದ ನೆರಳು

ಈ ಕಥೆಯಲ್ಲಿ ಭಾರತಕ್ಕೂ ಒಂದು ಮೂಲೆಯಿದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮೆಣಸು, ಬಟ್ಟೆಗಳ ಜೊತೆಗೆ ಪೂರ್ವದೇಶಗಳ ಚಿತ್ರಗಳನ್ನೂ ಕಾಗದವನ್ನೂ ಆಂಸ್ಟರ್‌ಡ್ಯಾಮಿಗೆ ಒಯ್ಯುತ್ತಿದ್ದವು. ಮೊಗಲ್ ಸೂಕ್ಷ್ಮಚಿತ್ರಗಳನ್ನು ನೋಡಿ ರೆಂಬ್ರಾಂಟ್ ಮಾಡಿಕೊಂಡ ಇಪ್ಪತ್ತಕ್ಕೂ ಹೆಚ್ಚು ಪ್ರತಿಚಿತ್ರಗಳು ಉಳಿದಿವೆ. ಅವುಗಳಲ್ಲಿ ಒಂದು, ಮರದ ಕೆಳಗೆ ಕುಳಿತ ನಾಲ್ವರು ಮುಲ್ಲಾಗಳದು. ಏಷ್ಯಾದಿಂದ ಬಂದ ನುಣುಪು ಕಾಗದದ ಮೇಲೆ ಬರೆದ ಆ ಚಿತ್ರ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1656ರಲ್ಲಿ ಆತ ಕೊರೆದ ‘ದೇವದೂತರಿಗೆ ಅಬ್ರಹಾಮನ ಆತಿಥ್ಯ’ ಎಂಬ ಅಚ್ಚಿನಲ್ಲಿ ಅತಿಥಿಗಳು ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಕುಳಿತಿರುವ ಬಗೆಗೆ ಈ ಮೊಗಲ್ ಗೋಷ್ಠಿಯೇ ಪ್ರೇರಣೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೈಬಲಿನ ಕಥೆಗೆ ಭಾರತದ ಮರ ನೆರಳು ಕೊಟ್ಟಿತು. ರೆಂಬ್ರಾಂಟ್ ದಿವಾಳಿಯಾದ ವರ್ಷವೂ ಅದೇ.

ಒಡಲೊಳಗಿನ ಬೆಂಕಿ

ಸೂಜಿಯ ಇರಿತವನ್ನೂ ಕಸದ ಬುಟ್ಟಿಯನ್ನೂ ದಾಟಿ ಬಂದ ಹಾಳೆಗಳಿಗೆ ಇಂದಿನ ಶತ್ರು ಅವುಗಳ ಒಡಲಲ್ಲಿಯೇ ಇದ್ದಾನೆ. ಮಾಚಿಕಾಯಿ, ಅನ್ನಭೇದಿಗಳ ಮಸಿ ಹುಟ್ಟುವಾಗಲೇ ಗಂಧಕದ ಆಮ್ಲವೂ ಹುಟ್ಟುತ್ತದೆ. ಅನ್ನಭೇದಿ ಮಿತಿಮೀರಿದ್ದರೆ ಮಿಕ್ಕ ಕಬ್ಬಿಣ ಕಾಗದದ ನಾರನ್ನು ನಿಧಾನವಾಗಿ ಸುಡತೊಡಗುತ್ತದೆ. ಮೊದಲು ಗೆರೆಯ ಸುತ್ತ ಕಂದು ಛಾಯೆ. ಬಳಿಕ ಹಾಳೆಯ ಹಿಂಬದಿಗೂ ಗೆರೆ ಇಳಿಯುತ್ತದೆ. ಕೊನೆಗೆ ಗೆರೆ ಇದ್ದಲ್ಲಿ ಕಾಗದವೇ ಬಿರಿದು ಉದುರುತ್ತದೆ. ತಾಮ್ರದ ಮೇಲೆ ಚಿತ್ರವನ್ನು ಹುಟ್ಟಿಸಿದ್ದು ಆಮ್ಲ, ಕಾಗದದ ಮೇಲೆ ಅದನ್ನು ಅಳಿಸುವುದೂ ಆಮ್ಲ. ಸೀಸದ ಬಿಳಿ ಕೆಟ್ಟ ಗಾಳಿಗೆ ಕಪ್ಪಾಗುತ್ತದೆ. ಬೆಳಕು ಮಸಿಯನ್ನು ಮಾಸಿಸುತ್ತದೆ.

ಆದ್ದರಿಂದಲೇ ಸಂಗ್ರಹಾಲಯಗಳು ಇವನ್ನು ಕತ್ತಲೆಯ ಪೆಟ್ಟಿಗೆಗಳಲ್ಲಿಟ್ಟು, ಅಪರೂಪಕ್ಕೊಮ್ಮೆ ಕೆಲವೇ ತಿಂಗಳ ಮಟ್ಟಿಗೆ, ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಪ್ರದರ್ಶಿಸುತ್ತವೆ. ಯಾವ ಹಾಳೆಗೆ ಯಾವ ಅಪಾಯ ಕಾದಿದೆಯೆಂದು ಅರಿಯಲು ಮಸಿಯ ಜಾತಿ ತಿಳಿಯಬೇಕು. ಬರಿಗಣ್ಣಿಗೆ ಹೊಗೆಮಸಿಯ ಕಂದೂ ಅನ್ನಭೇದಿಯ ಕಂದೂ ಒಂದೇ. ಅತಿರಕ್ತ ಕಿರಣದ ಕ್ಯಾಮೆರಾದ ಮುಂದೆ ಮಾತ್ರ ಅನ್ನಭೇದಿಯ ಮಸಿ ಮಾಯವಾಗುತ್ತ ಹೋಗುತ್ತದೆ; ಕಾಡಿಗೆಯ ಮಸಿ ಕಪ್ಪಾಗಿಯೇ ನಿಲ್ಲುತ್ತದೆ. ಎಕ್ಸ್ ಕಿರಣದ ಉಪಕರಣಗಳು ಹಾಳೆಯನ್ನು ಮುಟ್ಟದೆಯೇ ಕಬ್ಬಿಣವನ್ನೂ ಸೀಸವನ್ನೂ ಪತ್ತೆಹಚ್ಚುತ್ತವೆ. ವೈದ್ಯ ನಾಡಿ ಹಿಡಿದು ರೋಗ ತಿಳಿದಂತೆ ಸಂರಕ್ಷಕರು ಮಸಿಯನ್ನು ತಿಳಿದು ಚಿಕಿತ್ಸೆ ಗೊತ್ತುಮಾಡುತ್ತಾರೆ.

ಓದುಗರಲ್ಲಿ ಯಾರಿಗಾದರೂ ಇಂಥದೊಂದು ಹಾಳೆಯ ಮುಂದೆ ನಿಲ್ಲುವ ಭಾಗ್ಯ ಒದಗಿದರೆ, ಎದುರಿನಿಂದ ನೋಡಿ ಮುಂದೆ ಸಾಗಬೇಡಿ. ಸ್ವಲ್ಪ ಬಗ್ಗಿ, ಬೆಳಕು ಪಕ್ಕದಿಂದ ಬೀಳುವಂತೆ ಓರೆಯಾಗಿ ನೋಡಿ. ಬಳಪದ ಗೆರೆಗಳ ನಡುವೆ ಬಣ್ಣವೇ ಇಲ್ಲದ ಸಣ್ಣ ಕಾಲುವೆಗಳು ಹೊಳೆಯುತ್ತವೆ. ಅವು ಕಲಾವಿದನ ಕೈ ಸೂಜಿಯನ್ನು ಒತ್ತಿದ ದಾರಿಗಳು. ಎಷ್ಟು ಒತ್ತಿದ, ಎಲ್ಲಿ ತಡೆದ, ಯಾವ ಗೆರೆಯನ್ನು ಬೇಡವೆಂದು ಬಿಟ್ಟ, ಎಲ್ಲವೂ ಅಲ್ಲಿದೆ. ಅಚ್ಚಾದ ನೂರು ಪ್ರತಿಗಳಲ್ಲಿ ಒಂದರಲ್ಲಿಯೂ ಅದು ಕಾಣಸಿಗದು.